ಓಯ್ರಿಕ್ ಗುರುತು ಹಾಕಿದ ಜಾಗ

ಶುಕ್ರವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ರೂರಿಯ ಸಲಿಕೆ ಹಲಗೆಗೆ ತಾಗಿತು. ಗುಂಡಿಯ ಬಳಿ ನಾವು ನಾಲ್ಕು ಜನರಿದ್ದೆವು, ನಾಲ್ವರಿಗೂ ಆ ಸದ್ದು ಕೇಳಿತು. ಮರಳಿನ ಸದ್ದು ಬೇರೆ, ಕಲ್ಲಿನ ಸದ್ದು ಬೇರೆ. ಇದು ಯಾರದೋ ಮನೆಯ ಬಾಗಿಲು ತಟ್ಟಿದ ಹಾಗಿತ್ತು.

ರೂರಿ ಗುಂಡಿಯೊಳಗಿಂದ ತಲೆಯೆತ್ತಿದ. 

"ಇಲ್ಲಿ ಯಾರೋ ಇದಾರೆ."

"ಯಾರೂ ಇರೋಕೆ ಸಾಧ್ಯ ಇಲ್ಲ," ಅಂದೆ ನಾನು. "ಓಯ್ರಿಕ್ ಗುರುತು ಹಾಕಿದ ಜಾಗ ಅದು."

"ಹಾಗಾದ್ರೆ ನೀನೇ ಇಳಿದು ಬಂದು ಹೇಳು, ಇಲ್ಲಿರೋರಿಗೆ."

ನಾವು ಅಗೆಯುತ್ತಿದ್ದದ್ದು ಟೊರ್ಕಿಲ್‌ಗಾಗಿ. ಎಂಬತ್ತೊಂದು ವರ್ಷದ ಬೆಸ್ತ, ಬುಧವಾರ ಬೆಳಿಗ್ಗೆ ಚಹಾದ ಬಟ್ಟಲು ಕೈಯಲ್ಲಿ ಹಿಡಿದೇ ತೀರಿಕೊಂಡಿದ್ದ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಮಣ್ಣು ಎಂದು ಗೊತ್ತುಪಡಿಸಿಯಾಗಿತ್ತು. ಭಾನುವಾರ ದೇವರ ದಿನ, ನಮ್ಮ ಊರು ಹೆಲ್ಲನಿಶ್‌ನಲ್ಲಿ ಬಾವಿಯಿಂದ ನೀರು ಕೂಡ ಸೇದುವುದಿಲ್ಲ, ಇನ್ನು ಗುಂಡಿ ಅಗೆಯುವುದೆಲ್ಲಿ ಬಂತು? ಸೋಮವಾರದವರೆಗೆ ಹೆಣ ಇಡುವ ಹಾಗಿರಲಿಲ್ಲ. ಅವನ ಜಾಗವೋ, ಮೂವತ್ತೆಂಟು ವರ್ಷದ ಹಿಂದೆಯೇ ನಿಶ್ಚಯವಾದದ್ದು: ಹೆಂಡತಿ ಮಾರ್ಸಲಿಯ ಉತ್ತರದ ಪಕ್ಕ. ಅಲ್ಲಿ ಬರೀ ಮರಳಿರಬೇಕಿತ್ತು.

ನಮ್ಮ ಮಸಣ ಕಡಲಂಚಿನ ಮರಳುಬಯಲಲ್ಲಿದೆ. ಚಳಿಗಾಲದ ಒಂದೊಂದು ಬಿರುಗಾಳಿಗೂ ಮರಳು ಎದ್ದು ಬೇರೆ ಕಡೆ ಹೋಗಿ ಕೂರುತ್ತದೆ. ತಲೆಯ ಬಳಿ ನೆಟ್ಟ ಕಲ್ಲು ಈ ವರ್ಷ ಮೊಣಕಾಲೆತ್ತರ ಕಂಡರೆ ಮುಂದಿನ ವರ್ಷ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ಯಾರು ಎಲ್ಲಿ ಮಲಗಿದ್ದಾರೆ ಎಂಬುದನ್ನು ನಾವು ಕಲ್ಲುಗಳಿಗೆ ಒಪ್ಪಿಸಿದವರಲ್ಲ. ಒಬ್ಬರ ಕಣ್ಣಿಗೆ ಒಪ್ಪಿಸಿದ್ದೆವು. ಆಗ ಆ ಕಣ್ಣು ಓಯ್ರಿಕ್‌ಳದಾಗಿತ್ತು.

ಕಡಲಲ್ಲಿ ಮೀನಿನ ಜಾಗ ಹುಡುಕುವ ಕ್ರಮವೇ ಇಲ್ಲಿಯೂ. ದಡದ ಮೇಲಿನ ಎರಡು ಗುರುತು ಒಂದರ ಹಿಂದೆ ಒಂದು ಬಂದು ನಿಲ್ಲುವ ತನಕ ದೋಣಿ ಸರಿಸಿಕೊಂಡು ಹೋಗುತ್ತಾರೆ, ಬಂದು ನಿಂತರೆ ಆ ಗೆರೆಯ ಮೇಲೆ ಗಾಳ ಬಿಡುತ್ತಾರೆ. ಮಸಣಕ್ಕೂ ಕಡಲಿಗೂ ನಮಗೆ ಅದೇ ಎರಡು ಗುರುತು. ಒಂದು, ಪಾಳುಬಿದ್ದ ಹಳೆಯ ಇಗರ್ಜಿಯ ಮೊನೆಗೋಡೆ, ತ್ರಿಕೋನ ತಲೆಯ ತುದಿಗೋಡೆ. ಇನ್ನೊಂದು, ಅದರ ಹಿಂದೆ ಅರ್ಧ ಮೈಲಿಗೂ ಮಿಕ್ಕಿದ ದೂರದಲ್ಲಿ ಸ್ಟೊರವಾಲ್ ಗುಡ್ಡದ ನೆತ್ತಿಯ ಮೇಲಿನ ಕಲ್ಲುರಾಶಿ. ಗೋಡೆಯ ಮೂಲೆಗೆ ಸರಿಯಾಗಿ ಕಲ್ಲುರಾಶಿ ಬಂದು ಕೂತ ಕಡೆ ನಿಂತರೆ ಅದೇ ಗೆರೆ. ಅಲ್ಲಿಂದ ಉತ್ತರಕ್ಕೆ ಇಷ್ಟು ಹೆಜ್ಜೆಗೆ ಇಂಥವರ ಮನೆಯವರು, ದಕ್ಷಿಣಕ್ಕೆ ಇಷ್ಟು ಹೆಜ್ಜೆಗೆ ಇಂಥವರು. ಗೆರೆಯ ಮೇಲಿನ ಜಾಗ ಮಾತ್ರ ಗುರುತು ಕಾಯುವವರ ಮನೆತನದ್ದು.

ಓಯ್ರಿಕ್‌ಗೆ ಇದನ್ನು ಕಲಿಸಿದ್ದು ತಂದೆ ಯಾಹನ್. ಮಗನಿಗೆ ಕಲಿಸಬೇಕಾಗಿತ್ತು, ಮಗ ಹತ್ತೊಂಬತ್ತಕ್ಕೇ ದೋಣಿ ಮಗುಚಿ ಹೋದ. ಹೆಣ ಸಿಗಲಿಲ್ಲ, ಅವನಿಗೆ ಮಸಣದಲ್ಲಿ ಜಾಗವೂ ಇಲ್ಲ. ಯಾಹನ್ ಒಂದು ವರ್ಷ ಯಾರೊಡನೆಯೂ ಮಾತಾಡಲಿಲ್ಲವಂತೆ. ಆಮೇಲೆ ಒಂದು ಮಧ್ಯಾಹ್ನ ಹದಿನಾಲ್ಕರ ಮಗಳ ಭುಜ ಹಿಡಿದು ಮರಳಿನ ಮೇಲೆ ನಿಲ್ಲಿಸಿ, "ಗೋಡೆ ನೋಡು, ಗುಡ್ಡ ನೋಡು, ಆಮೇಲೆ ನಿನ್ನ ಕಾಲು ನೋಡ್ಕೋ" ಎಂದನಂತೆ. ಹದಿನಾರಕ್ಕೆ ಆಕೆ ಊರಿನ ಇತರ ಹುಡುಗಿಯರೊಂದಿಗೆ ಮೀನಿನ ಹಿಂದೆ ಹೊರಟಳು. ಬಂದರಿನಿಂದ ಬಂದರಿಗೆ, ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡು, ನಿಮಿಷಕ್ಕೆ ಅರವತ್ತು ಮೀನು ಸೀಳಿ ಉಪ್ಪು ತುಂಬುವ ಕೆಲಸ. ಪ್ರತಿ ಚಳಿಗಾಲಕ್ಕೆ ಮರಳಿ ಬಂದು ತಂದೆಯೊಡನೆ ಮಸಣದಲ್ಲಿ ಹೆಜ್ಜೆ ಎಣಿಸುವಳು. ಚೂರಿ, ಉಪ್ಪು ಮಾಡಿದ ಗಾಯಗಳ ಕಲೆ ಕೊನೆಯವರೆಗೂ ಆಕೆಯ ಬೆರಳಲ್ಲಿತ್ತು. ಕೈಕುಲುಕಿದರೆ ಒರಟು ಹಗ್ಗ ಹಿಡಿದ ಹಾಗೆ ಇರುತ್ತಿತ್ತು.

ತಂದೆ ತೀರಿಕೊಂಡದ್ದು ಸಾವಿರದ ಒಂಬೈನೂರ ಮೂವತ್ತೇಳರಲ್ಲಿ. ಮುಂದೆ ಯುದ್ಧದ ಆರು ವರ್ಷ ಓಯ್ರಿಕ್ ನಾಡಿನ ದೊಡ್ಡ ಊರಲ್ಲಿ ಒಂದು ಆಸ್ಪತ್ರೆಯ ಬಟ್ಟೆ ಒಗೆದಳು. ನಲವತ್ತಾರರ ಕೊನೆಗೆ ಬಂದವಳು ಮತ್ತೆ ಊರು ಬಿಡಲಿಲ್ಲ. ಪ್ರತಿ ಬೇಸಿಗೆ ಮಸಣಕ್ಕೆ ಹೋಗಿ, ಗೆರೆ ನೋಡಿ, ಮರಳು ನುಂಗಿದ ಕಲ್ಲುಗಳ ಜಾಗದಲ್ಲಿ ಹೊಸ ಕಲ್ಲು ನೆಡುವಳು. ಯಾರಾದರೂ ಸತ್ತರೆ ಅಗೆಯುವ ಹಿಂದಿನ ದಿನ ಒಬ್ಬಳೇ ಹೋಗಿ ನಾಲ್ಕು ಗೂಟ ಹೊಡೆದು ಟಾರು ಬಳಿದ ಹಗ್ಗ ಕಟ್ಟಿ ಬರುವಳು. ಅಗೆಯುವ ದಿನ, ಮಣ್ಣು ಮಾಡುವ ದಿನ ನಮ್ಮಲ್ಲಿ ಹೆಂಗಸರು ಮಸಣದ ಗೋಡೆ ದಾಟುವುದಿಲ್ಲ. ಊರಿನ ಸತ್ತವರನ್ನೆಲ್ಲ ಬಲ್ಲ ಆಕೆ ಒಂದು ಶವಪೆಟ್ಟಿಗೆಯೂ ಇಳಿಯುವುದನ್ನು ಕಂಡವಳಲ್ಲ.

ಟೊರ್ಕಿಲ್ ಹಾಸಿಗೆ ಹಿಡಿದಾಗ ಆಕೆ ನೋಡಲು ಹೋಗಿದ್ದಳು. ನಾನೂ ಅಲ್ಲಿದ್ದೆ.

"ಮಾರ್ಸಲಿ ಉತ್ತರದ ಪಕ್ಕ ನಂದು," ಅಂದ ಮುದುಕ. "ಮರೀಬೇಡ."

"ನಿನ್ನ ಜಾಗ ನಿನಗಿಂತ ನಂಗೆ ಚೆನ್ನಾಗಿ ಗೊತ್ತು. ಸುಮ್ಮನೆ ಗಂಜಿ ಕುಡಿ."

"ಒಂದು ಅಂಗೈ ಅಗಲ ಆಚೆ ಈಚೆ ಆಗಬಾರ್ದು, ಓಯ್ರಿಕ್. ಮೂವತ್ತೆಂಟು ವರ್ಷ ತಣ್ಣನೆ ಹಾಸಿಗೇಲಿ ಬಿದ್ದಿದೀನಿ."

"ಆಗಲ್ಲ ಅಂದ್ನಲ್ಲ. ನನ್ನ ಮಾತು ಇದು."

ಆಕೆ ಮಾತು ಕೊಟ್ಟದ್ದು ಊರಿಗೆಲ್ಲ ಗೊತ್ತಿತ್ತು. ಆ ಮಾತಿನ ನಟ್ಟನಡುವೆ ಈಗ ರೂರಿಯ ಸಲಿಕೆ ನಿಂತಿತ್ತು.

ನಮ್ಮಲ್ಲಿ ಹಿರಿಯ ಫಿಯೊನ್ಲಾ, ಅರವತ್ತೆಂಟರವನು. ಅವನೇ ಇಳಿದು ಕೈಯಿಂದ ಮರಳು ಸರಿಸಿದ. ಹಲಗೆ ಕಾಣಿಸಿತು. ಕಂದು ಬಣ್ಣದ ಗಟ್ಟಿ ಹಲಗೆ, ಅದರ ಮೇಲೆ ಕಬ್ಬಿಣ ಕಾಯಿಸಿ ಸುಟ್ಟ ಎರಡು ಅಕ್ಷರ. ಫಿಯೊನ್ಲಾ ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡ, ಬೆಂಕಿ ತಾಗಿದವನಂತೆ.

"ದೇವರೇ. ಇದು ಮಾರ್ಸಲಿ."

"ಹೇಗೆ ಗೊತ್ತು?"

"ಹಲಗೆ ಕೊಯ್ಯುವಾಗ ಇನ್ನೊಂದು ತುದಿ ಹಿಡಿದಿದ್ದೋನು ನಾನೇ ಕಣೋ. ಒಡೆದ ಹಡಗಿಂದು, ದಡಕ್ಕೆ ತೇಲಿ ಬಂದಿತ್ತು. ಟೊರ್ಕಿಲ್ ಅದರಲ್ಲೇ ಪೆಟ್ಟಿಗೆ ಮಾಡಿದ. ಅಕ್ಷರ ಕೆರೆದುಹಾಕು ಅಂದ್ರೆ, ಇರಲಿ, ಅವಳಿಗೆ ಓದೋಕೆ ಏನಾದ್ರೂ ಬೇಕು ಅಂದಿದ್ದ."

ರೂರಿ ಮೇಲೆ ಹತ್ತಿ ಬಂದು ಮರಳಿನ ಮೇಲೆ ಕೂತುಬಿಟ್ಟ. "ಹಲಗೆ ಕೊಳೆತು ಹೋಗಿದ್ರೆ ಗೊತ್ತೇ ಆಗ್ತಿರಲಿಲ್ಲ. ನಾಳೆ ಅವನನ್ನ ಹೆಂಡತಿ ಮೇಲೇ ಇಳಿಸ್ತಿದ್ವಿ."

"ಬದುಕಿದ್ದಾಗ ಅವಳು ದಿನಾ ಬೈತಿದ್ದಿದ್ದೇ ಅದಕ್ಕೆ, ಪೂರ್ತಿ ಹಾಸಿಗೆ ಆಕ್ರಮಿಸ್ತಾನೆ ಅಂತ," ಅಂದ ನಾಲ್ಕನೆಯವನು. ನಗು ಬರಲಿಲ್ಲ. ಅವನಿಗೂ ಬರಲಿಲ್ಲ.

ಓಯ್ರಿಕ್‌ಳನ್ನು ಕರೆತರಲು ನನ್ನನ್ನು ಕಳಿಸಿದರು. ಆಕೆ ಸಾವಿನ ಮನೆಗೆ ಕಳಿಸಲು ಬಾರ್ಲಿ ರೊಟ್ಟಿ ತಟ್ಟುತ್ತಿದ್ದಳು, ಮೊಣಕೈವರೆಗೆ ಹಿಟ್ಟು. ನಾನು ಹೇಳಿದೆ. ಆಕೆಯ ಕೈ ಹಿಟ್ಟಿನಲ್ಲೇ ನಿಂತಿತು. ಕಾವಲಿಯ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ಆಕೆ ತಿರುಗಿ ನೋಡಲಿಲ್ಲ.

"ಮತ್ತೆ ಹೇಳು, ಆಲಿಕ್."

ಮತ್ತೆ ಹೇಳಿದೆ.

"ನೀವು ಗೂಟ ಸರಿಸಿದ್ರಾ?"

"ಇಲ್ಲ. ನಿಮ್ಮ ಹಗ್ಗದೊಳಗೇ ಅಗೆದಿದ್ದು."

ಕೈ ತೊಳೆಯದೆಯೇ ಹೊರಟಳು. ಎಪ್ಪತ್ತೆರಡರ ಆಕೆಯ ಹಿಂದೆ ಇಪ್ಪತ್ತಾರರ ನಾನು ಓಡಬೇಕಾಯಿತು. ದಾರಿಯುದ್ದಕ್ಕೂ ಏನೋ ಎಣಿಸುತ್ತಿದ್ದಳು. ಮಸಣದ ಗೋಡೆಯ ಬಳಿ ನಾನು ಗೇಟಿಗೆ ಕೈ ಹಾಕಿ ನಿಂತೆ, ಒಳಗೆ ಬನ್ನಿ ಎನ್ನಲು ಬಾಯಿ ಬರಲಿಲ್ಲ. ಆಕೆ ನನ್ನ ಕೈ ತಳ್ಳಿ ಒಳಗೆ ನಡೆದಳು. ಅಗೆದಿಟ್ಟ ಗುಂಡಿಯ ಬಳಿಗೆ ಒಬ್ಬ ಹೆಂಗಸು ನಡೆದು ಬರುವುದನ್ನು ಹೆಲ್ಲನಿಶ್‌ನ ಗಂಡಸರು ಅಂದೇ ಮೊದಲು ಕಂಡದ್ದು. ಫಿಯೊನ್ಲಾ ಟೋಪಿ ತೆಗೆದ. ಯಾಕೆ ತೆಗೆದ ಎಂದು ಅವನಿಗೂ ಗೊತ್ತಿರಲಿಲ್ಲ.

ಆಕೆ ಗುಂಡಿಯೊಳಗೆ ನೋಡಿದಳು. ಹಲಗೆ, ಅಕ್ಷರ.  ಮೊನೆಗೋಡೆಯತ್ತ ತಿರುಗಿ, ಕಲ್ಲುರಾಶಿ ಮೂಲೆಗೆ ಬಂದು ಕೂರುವ ತನಕ ಅಡ್ಡಡ್ಡ ಸರಿದಳು. ನಿಂತಳು. ಅಲ್ಲಿಂದ ಉತ್ತರಕ್ಕೆ ಹೆಜ್ಜೆ ಎಣಿಸಿದಳು. ಗುಂಡಿಯ ಅಂಚಿಗೇ ಬಂದು ತಲುಪಿದಳು.

ಇನ್ನೊಮ್ಮೆ ಎಣಿಸಿದಳು. ಮತ್ತೆ ಅಲ್ಲಿಗೇ ಬಂದಳು.

"ಸರಿಯಾಗೇ ಇದೆ," ಅಂದಳು. ದನಿ ಬೇರೆ ಯಾರದೋ ಆಗಿತ್ತು. "ಅಪ್ಪ ಹೇಳಿಕೊಟ್ಟ ಹಾಗೇ ಇದೆ. ಸರಿಯಾಗಿದ್ದೂ ತಪ್ಪು. ನಂಗೆ ಹುಚ್ಚು ಹಿಡಿದಿರಬೇಕು, ಇಲ್ಲಾ ಅಪ್ಪ ಸುಳ್ಳು ಹೇಳಿರಬೇಕು."

"ಇಲ್ಲಾ ಗುಡ್ಡ ಎದ್ದು ಓಡಾಡಿರಬೇಕು," ಅಂದ ರೂರಿ, ಸಮಾಧಾನಕ್ಕೆಂದು.

ಫಿಯೊನ್ಲಾ ಕೈಯಲ್ಲಿದ್ದ ಟೋಪಿ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ. ಗುಡ್ಡವನ್ನೇ ನೋಡುತ್ತಿದ್ದ.

"ಓಯ್ರಿಕ್," ಅಂದ. "ಯುದ್ಧದ ಕಾಲದಲ್ಲಿ ಸೈನಿಕರು ಮೇಲೆ ಕಾವಲು ಗುಡಿಸಲು ಕಟ್ಟಿದ್ರು. ಕಲ್ಲುರಾಶಿ ಕಿತ್ತು ಗೋಡೆಗೆ ಹಾಕ್ಕೊಂಡಿದ್ರು."

"ಗೊತ್ತು. ಅವರು ಹೋದಮೇಲೆ ನೀವೆಲ್ಲ ಮತ್ತೆ ಕಟ್ಟಿದ್ರಿ. ನಾನು ಬರೋ ಹೊತ್ತಿಗೆ ನಿಂತಿತ್ತು."

"ಕಟ್ಟಿದ್ವಿ. ನಾನು, ಟೊರ್ಕಿಲ್, ನನ್ನ ತಮ್ಮ ನೀಲ್. ಗುಡಿಸಲಿನ ಸಿಮೆಂಟ್ ನೆಲ ಹಾಗೇ ಉಳಿದಿತ್ತು. ಸಮತಟ್ಟಾಗಿತ್ತು. ಹಳೇ ಬುನಾದಿ ಮಣ್ಣಲ್ಲಿ ಮುಚ್ಚಿಹೋಗಿತ್ತು, ಅಗೆದು ತೆಗೀಬೇಕಿತ್ತು, ಮಳೆ ಬೇರೆ. ಟೊರ್ಕಿಲ್ ಹೇಳ್ದ, ಇಲ್ಲೇ ಇಡೋಣ್ರೋ, ಹತ್ತು ಹದಿನೈದು ಹೆಜ್ಜೆ ಅಷ್ಟೆ, ಇಷ್ಟು ದೊಡ್ಡ ಗುಡ್ಡಕ್ಕೆ ಅದೆಷ್ಟು ಅಂತ."

 ಓಯ್ರಿಕ್ ಗುಡ್ಡದ ನೆತ್ತಿಯತ್ತ ಕಣ್ಣು ಕಿರಿದುಮಾಡಿ ನೋಡಿದಳು.

"ಯಾವ ಕಡೆಗೆ?" ಅಂದಳು ಓಯ್ರಿಕ್.

"ಉತ್ತರಕ್ಕೆ."

ಆಕೆ ಒಂದು ತೋಳನ್ನು ಗುಡ್ಡದತ್ತ ಚಾಚಿ ಇನ್ನೊಂದನ್ನು ಕಡಲಿನತ್ತ ಚಾಚಿದಳು. ಒಂದು ತೋಳನ್ನು ಉತ್ತರಕ್ಕೆ ಸರಿಸಿದಂತೆ ಮೈ ತಿರುಗಿ ಇನ್ನೊಂದು ತೋಳು ದಕ್ಷಿಣಕ್ಕೆ ಸರಿಯಿತು. ನಮಗೂ ಅರ್ಥವಾಯಿತು. ರಾಶಿ ಅಲ್ಲಿ ಉತ್ತರಕ್ಕೆ ಸರಿದರೆ, ಮೊನೆಗೋಡೆಯ ಈಚೆ ಗೆರೆ ದಕ್ಷಿಣಕ್ಕೆ ಸರಿಯುತ್ತದೆ. ಮೊನೆಗೋಡೆಯ ಬುಡದಲ್ಲಿ ಕೂದಲೆಳೆಯಷ್ಟು, ಅದಕ್ಕೇ ಅಲ್ಲಿ ಅಗೆದಾಗ ಯಾರಿಗೂ ಏನೂ ತಿಳಿಯಲಿಲ್ಲ. ಮಸಣದ ಈ ಕೊನೆಗೆ ಬಂದರೆ ಸರಿಯಾಗಿ ಒಬ್ಬ ಮನುಷ್ಯ ಮಲಗುವಷ್ಟು ಅಗಲ.

"ಮೂವತ್ತು ವರ್ಷ!" ಅಂದಳು. "ಮೂವತ್ತು ವರ್ಷ ಒಬ್ಬರೂ ಬಾಯಿ ಬಿಡಲಿಲ್ವಲ್ಲ, ಪಾಪಿಗಳಾ! ಗುರುತಿನ ಕಲ್ಲು ಸರಿಸಿದೀವಿ ಅಂತ ಒಂದು ಮಾತು ಹೇಳೋಕೆ ನಿಮ್ಮ ನಾಲಿಗೆಗೇನು ಲಕ್ವ ಹೊಡೆದಿತ್ತಾ?"

"ನೆನಪೇ ಆಗಲಿಲ್ಲ ಕಣೇ. ಕೆಳಗಿಂದ ನೋಡಿದ್ರೆ ಮೊದಲಿನ ಹಾಗೇ ಕಾಣ್ತಿತ್ತು." ಹಾಗೆಂದ ಫಿಯೊನ್ಲಾ ಇದ್ದಕ್ಕಿದ್ದಂತೆ ಕಡಲಿನ ಕಡೆ ತಿರುಗಿದ. ಅವನ ಬಾಯಿ ತೆರೆದೇ ಇತ್ತು.

ಅವನು ಏನನ್ನು ನೋಡುತ್ತಿದ್ದಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಗೆರೆ ಗೋಡೆಯಿಂದ ದೂರ ಹೋದಷ್ಟೂ ಹೆಚ್ಚು ಸರಿಯುತ್ತದೆ. ಅದೇ ಗೆರೆ ಹಿಡಿದು ಮೂರು ಮೈಲಿ ಹೊರಗೆ ನಮ್ಮ ಹಿರಿಯರು ಗಾಳ ಬಿಡುತ್ತಿದ್ದದ್ದು, ನೀರಿನಡಿಯ ಒಂದು ಕಿರಿದಾದ ದಿಬ್ಬದ ಮೇಲೆ. ಯುದ್ಧ ಮುಗಿದಮೇಲೆ ಅಲ್ಲಿ ಮೀನು ಸಿಗುವುದು ನಿಂತುಹೋಗಿತ್ತು. ಸಿಡಿಗುಂಡಿನ ಸದ್ದಿಗೆ ಮೀನು ಓಡಿಹೋಯಿತು ಎಂದವರು ಕೆಲವರು, ಪರದೇಶದ ದೊಡ್ಡ ದೋಣಿಗಳು ಬಾಚಿಕೊಂಡು ಹೋದವು ಎಂದವರು ಕೆಲವರು. ಎಲ್ಲರನ್ನೂ ದೂರಿದರು, ಗುಡ್ಡವನ್ನು ಯಾರೂ ಅನುಮಾನಿಸಲಿಲ್ಲ. ಒಂಬತ್ತು ಮನೆಯವರು ದೋಣಿ ಮಾರಿ ಕೆನಡಾಕ್ಕೆ ಹೋದರು. ಫಿಯೊನ್ಲಾನ ತಮ್ಮ ನೀಲ್ ಐವತ್ತನೆಯ ಇಸವಿಯಲ್ಲಿ ಹೋದವನು ಅಲ್ಲೇ ಮರ ಕಡಿಯುತ್ತ ಸತ್ತ.

"ಮೀನು ಎಲ್ಲೂ ಹೋಗಿರಲಿಲ್ಲ," ಅಂದ ಫಿಯೊನ್ಲಾ, ತನಗೆ ತಾನೇ. "ನೀಲ್ ತಾನೇ ಹೊತ್ತು ತಂದಿದ್ದ, ಬುಡದ ಕಲ್ಲು."

 ರೂರಿ ಅವನ ತೋಳು ಹಿಡಿದು ಕೂರಿಸಿದ.

ಓಯ್ರಿಕ್ ಅವನನ್ನು ಒಂದು ಕ್ಷಣ ನೋಡಿದಳು. ಬೈಗುಳ ನಿಂತಿತು. ಹತ್ತಿರ ಹೋಗಿ ಹಿಟ್ಟಿನ ಕೈಯನ್ನು ಅವನ ತಲೆಯ ಮೇಲಿಟ್ಟಳು. "ಅದನ್ನ ಸೋಮವಾರ ಅಳೋಣ, ಚಿನ್ನಾ. ಟೊರ್ಕಿಲ್‌ಗೆ ನಾಳೆ ಹನ್ನೆರಡಕ್ಕೆ ಜಾಗ ಬೇಕು. ಆಲಿಕ್, ರೂರಿ, ಮನೇಲಿ ಒಗೆದಿಟ್ಟ ಹಾಸಿಗೆ ಬಟ್ಟೆ ಇದೆ, ಒಂದು ಗಳ ತಗೊಂಡು ಗುಡ್ಡ ಹತ್ತಿ. ಹಳೇ ಬುನಾದಿ ಹುಡುಕಿ. ಅದರ ನಡುವೆ ಗಳ ನೆಟ್ಟು ಬಟ್ಟೆ ಹಾರಿಸಿ. ನಾನು ಇಲ್ಲಿಂದ ಕದಲಲ್ಲ."

ಹುಡುಕಲು ಒಂದು ಗಂಟೆ ಹಿಡಿಯಿತು. ಕುರುಚಲು ಗಿಡಗಳ ಬೇರು ಕಿತ್ತ ಹಾಗೆಲ್ಲ ಬಳೆಯಾಕಾರದ ಕಲ್ಲಿನ ಬುನಾದಿ ಹೊರಬಿತ್ತು, ಪಾಚಿಯಲ್ಲಿ ಮುಚ್ಚಿಹೋಗಿತ್ತು. ಅಲ್ಲಿಂದ ಸಿಮೆಂಟಿನ ಮೇಲಿನ ರಾಶಿಗೆ ಹೆಜ್ಜೆ ಹಾಕಿ ನೋಡಿದೆ. ಹದಿನಾಲ್ಕು. ಎರಡರ ನಡುವೆ ನಿಂತು ಕೆಳಗಿನ ಊರನ್ನು ನೋಡಿದೆ. ನಾನು ಹುಟ್ಟುವ ಮೊದಲೇ ಊರನ್ನು ಖಾಲಿ ಮಾಡಿದ್ದು ಇಷ್ಟೇ ಇಷ್ಟು ನೆಲ.

ನಾವು ಇಳಿದು ಬರುವಾಗ ಗೂಟಗಳು ಒಂದು ಹಾಸಿಗೆಯಷ್ಟು ಉತ್ತರಕ್ಕೆ ಬಂದಿದ್ದವು. ಮಾರ್ಸಲಿಯ ಮೇಲೆ ಮರಳು ಮುಚ್ಚಿಯಾಗಿತ್ತು. ಗೋಡೆಯ ಹೊರಗೆ ಆಗಲೇ ಹೆಂಗಸರು ಸೇರಿದ್ದರು, ಸುದ್ದಿ ಹೇಗೋ ಮುಟ್ಟಿತ್ತು. ಎಲ್ಲರಿಗಿಂತ ಮುಂದೆ ಶೋನಕ್, ಓಯ್ರಿಕ್‌ಳ ಪಕ್ಕದ ಮನೆಯವಳು.

"ನಮ್ಮತ್ತೆ ಕಲ್ಲೂ ಈ ಕಡೆನೇ ಅಲ್ವೇನೇ ಇರೋದು?"

"ಹೌದು. ಅವರು ಹೋಗಿದ್ದು ಯುದ್ಧಕ್ಕೆ ಮೊದ್ಲು, ಕಲ್ಲು ನಾನು ಆಮೇಲೆ ನೆಟ್ಟಿದ್ದು, ಅದೂ ಒಂದು ಜಾಗ ತಪ್ಪಿದೆ. ಅದರಡಿ ಇರೋದು ನಿಮ್ಮತ್ತೆ ಅಲ್ಲ."

"ಮತ್ಯಾರು?"

"ಹಳೇ ಪಾದ್ರಿಗಳು."

ಶೋನಕ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ಪ್ರತಿ ಬೇಸಿಗೆ ಬಂದು ಮನಸಾರೆ ಬೈದು ಹೋಗ್ತಿದ್ನಲ್ಲೇ! ನೀನು ನನ್ನ ಒಡವೆ ತಿಂದೆ, ನಿನ್ನ ನಾಲಿಗೆಗೆ ಹುಳ ಬೀಳ ಅಂತ... ಪಾದ್ರಿಗಳಿಗೆ!"

"ಕೇಳಿಸ್ಕೊಂಡು ಅಭ್ಯಾಸ ಇತ್ತು ಬಿಡು ಅವರಿಗೆ."

ನಕ್ಕದ್ದು ಒಬ್ಬಿಬ್ಬರು. ಉಳಿದವರ ಮುಖದಲ್ಲಿ ಲೆಕ್ಕ ನಡೆದಿತ್ತು: ನಮ್ಮವರು ಎಲ್ಲಿ, ಅವರ ಪಕ್ಕ ಯಾರು. ಓಯ್ರಿಕ್ ಗೋಡೆಗೆ ಒರಗಿ ಎಲ್ಲರಿಗೂ ಕೇಳುವಂತೆ ಹೇಳಿದಳು, ಯುದ್ಧದ ನಂತರ ಈ ಕೊನೆಯಲ್ಲಿ ಮಣ್ಣಾದವರು ಏಳು ಜನ, ಅವರ ದಕ್ಷಿಣದ ಪಕ್ಕ ಖಾಲಿ ಇದ್ದದ್ದರಿಂದ ಸಲಿಕೆಗೆ ಏನೂ ತಾಗಿರಲಿಲ್ಲ, ಒಬ್ಬೊಬ್ಬರ ಮನೆಗೂ ತಾನೇ ಬಂದು ಹೇಳುತ್ತೇನೆ ಎಂದು. ಬೆರಳು ಮಡಚುತ್ತ ಹೆಸರು ಎಣಿಸಿದಳು. ಒಂದು, ಎರಡು. ಮೂರನೆಯ ಬೆರಳು ಮಡಚಲಿಲ್ಲ.

"ಅಮ್ಮ," ಅಂದಳು, ತೀರ ಮೆಲ್ಲಗೆ.

ಉಳಿದ ಹೆಸರು ಬಿಟ್ಟು ಮನೆಗೆ ಹೋದಳು. ನಾವು ಹೊಸ ಗೂಟಗಳ ನಡುವೆ ಅಗೆದೆವು, ಸಲಿಕೆ ಇಳಿದಾಗಲೆಲ್ಲ ಎದೆ ಹಿಡಿದುಕೊಂಡು. ಮರಳು, ಮತ್ತೆ ಮರಳು. ಕತ್ತಲಾಗುವ ಮೊದಲು ಮುಗಿಯಿತು.

ಶನಿವಾರ ಟೊರ್ಕಿಲ್‌ನನ್ನು ಹೆಗಲಿನಿಂದ ಹೆಗಲಿಗೆ ದಾಟಿಸುತ್ತ ಒಯ್ದೆವು. ಹೆಂಗಸರು ರಸ್ತೆಯ ತಿರುವಿನಲ್ಲಿ ನಿಂತರು, ಎಂದಿನಂತೆ. ಓಯ್ರಿಕ್ ಕೂಡ ಅಲ್ಲೇ ನಿಂತಳು. ಪಾದ್ರಿಗಳೇ ಕಣ್ಸನ್ನೆಯಿಂದ ಕರೆದರೂ ಮುಂದೆ ಬರಲಿಲ್ಲ. ಎಲ್ಲ ಮುಗಿಸಿ ಮರಳಿದಾಗ ಫಿಯೊನ್ಲಾ ನೇರ ಆಕೆಯ ಬಳಿ ಹೋದ.

"ಪಕ್ಕದಲ್ಲೇ ಇದಾನೆ."

"ನೀನು ನೋಡ್ದ್ಯಾ?"

"ನೋಡ್ದೆ. ಗುಂಡಿಯ ಗೋಡೆ ಸ್ವಲ್ಪ ಜರಿದಿತ್ತು, ಅವಳ ಹಲಗೆಯ ಅಂಚು ಕಾಣ್ತಿತ್ತು. ನಡುವೆ ಅಂಗೈ ಅಗಲವೂ ಇಲ್ಲ."

ಆಕೆ ತಲೆಯಾಡಿಸಿದಳು. ಆಮೇಲೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು, ಎರಡು ದಿನದಿಂದ ಹಿಡಿದಿಟ್ಟುಕೊಂಡಿದ್ದ ಅಳುವನ್ನು ಅತ್ತಳು.

ಸೋಮವಾರ ಬೆಳಿಗ್ಗೆ ಫಿಯೊನ್ಲಾನನ್ನೂ ನನ್ನನ್ನೂ ಕರೆದುಕೊಂಡು ಮಸಣಕ್ಕೆ ಹೋದಳು, ಕೈಯಲ್ಲಿ ಉದ್ದನೆಯ ಕಬ್ಬಿಣದ ಸರಳು. ತಂದೆಯ ಜಾಗ ತೋರಿಸಿದಳು. ಅದರ ದಕ್ಷಿಣಕ್ಕೆ, ಹಳೆಯ ಗೆರೆಯ ಮೇಲೆಯೇ, ತಾಯಿಯದು ಇರಬೇಕಿತ್ತು. ತಾಯಿ ಹೋದದ್ದು ಐವತ್ತೊಂದರಲ್ಲಿ. ಗೂಟ ಹೊಡೆದವಳು ಓಯ್ರಿಕ್.

"ಇಲ್ಲಿ ಇಳಿಸು."

ನಾನು ಸರಳು ಚುಚ್ಚಿ ಒತ್ತಿದೆ. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಆಳು ಮುಳುಗುವಷ್ಟು ಇಳಿದರೂ ಏನೂ ತಡೆಯಲಿಲ್ಲ. ಅಲ್ಲಿ ಯಾರೂ ಇರಲಿಲ್ಲ. ಒಂದು ಹಾಸಿಗೆ ದಕ್ಷಿಣಕ್ಕೆ ಚುಚ್ಚಿದಾಗ ಮಾತ್ರ ಕೈಗೆ ಹಲಗೆ ತಿಳಿಯಿತು.

ಓಯ್ರಿಕ್ ಸರಳನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಆ ಕೊನೇದು ನಂಗೆ ಅಂತ ಇಟ್ಟಿದ್ದು," ಅಂದಳು. "ಅಮ್ಮನ್ನ ನನ್ನ ಜಾಗದಲ್ಲಿ ಮಲಗಿಸಿಬಿಟ್ಟಿದೀನಿ. ಅಪ್ಪನ ಪಕ್ಕ ಇಪ್ಪತ್ತೈದು ವರ್ಷದಿಂದ ಖಾಲಿ. ಎಷ್ಟು ಸಲ ಇಲ್ಲಿ ನಿಂತು, ಇಬ್ಬರೂ ಜೊತೆಗಿದಾರಲ್ಲ ಅಂದ್ಕೊಂಡು ಮನೆಗೆ ಹೋಗಿದೀನಿ ಗೊತ್ತಾ?"

"ಹೇಳು, ನಾಳೆನೇ ಸರಿಸ್ತೀವಿ," ಅಂದ ಫಿಯೊನ್ಲಾ. "ಪಾದ್ರಿಗಳ ಹತ್ರ ನಾನು ಮಾತಾಡ್ತೀನಿ. ಮಾಡಿದ್ದು ನಾವು."

"ಮಲಗಿರೋಳನ್ನ ಎಬ್ಬಿಸ್ತೀಯಾ? ಅಮ್ಮನ ಕೋಪ ನೀನು ನೋಡಿಲ್ಲ." ಸೆರಗಿನಂತೆ ಹೊದ್ದಿದ್ದ ಉಣ್ಣೆ ಶಾಲಿನಿಂದ ಮುಖ ಒರೆಸಿಕೊಂಡಳು. "ಬೇಡ. ಅವಳು ನನ್ನ ಜಾಗ ಹಿಡಿದಿದಾಳೆ. ಅವಳ ಜಾಗ ನಂಗೆ. ಆಲಿಕ್, ನಿನ್ನ ಕಾಲು ಗಟ್ಟಿ ಇದೆ, ಈ ಗುರುತು ಕಾಯೋದನ್ನ ನೀನು ಕಲ್ತ್ಕೋ. ಮೊದಲು ಹೋಗಿ ಆ ಹಾಳು ರಾಶಿನ ಅದರ ಜಾಗಕ್ಕೆ ತನ್ನಿ."

ಮಧ್ಯಾಹ್ನ ಊರಿನ ಹನ್ನೊಂದು ಗಂಡಸರು ಗುಡ್ಡ ಹತ್ತಿದೆವು. ಒಬ್ಬರ ಕೈಯಿಂದ ಒಬ್ಬರಿಗೆ ಕಲ್ಲು ಸಾಗಿತು.  ಬುಡದ ದೊಡ್ಡ ಕಲ್ಲನ್ನು ಫಿಯೊನ್ಲಾ ಯಾರಿಗೂ ಮುಟ್ಟಗೊಡದೆ ತಾನೊಬ್ಬನೇ ಉರುಳಿಸಿ ತಂದ. ಒಂದೊಂದು ಸುತ್ತು ಎದ್ದಾಗಲೂ ನಾನು ಕೆಳಗೆ ನೋಡುತ್ತಿದ್ದೆ. ಗಾಳಿಗೆ ಶಾಲು ಹಾರುತ್ತಿದ್ದರೂ ಓಯ್ರಿಕ್ ಗೆರೆಯ ಮೇಲಿನ ಖಾಲಿ ಜಾಗದಲ್ಲಿ, ಯಾಹನ್‌ಗೂ ಅವನ ಹೆಂಡತಿಗೂ ನಡುವೆ, ಕದಲದೆ ನಿಂತಿದ್ದಳು. ರಾಶಿ ಆಕೆಯ ಕಣ್ಣಿಗೆ ಸರಿಯಾದ ಜಾಗಕ್ಕೆ ಬಂದಾಗ ಬಲಗೈ ಎತ್ತಿದಳು.